ಗೇಲಿಯಂ

ಗೇಲಿಯಂ ಎಂಬುದು ರೂಬಿಯೇಸೀ ಕುಟುಂಬದ ರೂಬಿಯೇ ಬುಡಕಟ್ಟಿಗೆ ಸೇರಿದ ಸಸ್ಯಜಾತಿ. ನಾಲ್ಕು ಮೂಲೆಯ ಕಾಂಡ, ಗೆಣ್ಣಿನ ಸುತ್ತ ಚಕ್ರಾಕಾರವಾಗಿ ಹರಡಿದ ಎಲೆಗಳು, ಸಾಮಾನ್ಯವಾಗಿ ನಾಲ್ಕು ಎಸಳಿನ ಕಿರುಹೂಗಳು ಮತ್ತು ಎರಡು ಹೋಳಾಗಿ ಬೇರ್ಪಡುವ ಕಾಯಿ ಇದರ ಮುಖ್ಯ ಲಕ್ಷಣಗಳು. ಸುಮಾರು 650 ಪ್ರಭೇದಗಳಿರುವ ಇದು ಹೂಬಿಡುವ ಸಸ್ಯಗಳ ದೊಡ್ಡ ಜಾತಿಗಳಲ್ಲಿ ಒಂದು. ಇವುಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲಿಷಿನಲ್ಲಿ ಬೆಡ್‌ಸ್ಟ್ರಾ ಎಂಬ ಸಾಮಾನ್ಯ ಹೆಸರಿದೆ. ಸಮಶೀತೋಷ್ಣ ವಲಯದ ಹುಲ್ಲುಗಾವಲು, ಮರಳುದಿಬ್ಬ, ಜೌಗು, ಕಾಡು, ಬೇಲಿಸಾಲು, ಹೊಲ ಮತ್ತು ಬಂಡೆಗಳ ನಡುವೆ ಇವು ಬೆಳೆಯುತ್ತವೆ. ದೇಹರಚನೆಯಲ್ಲಿ ಪ್ರಭೇದಗಳು ಒಂದನ್ನೊಂದು ಬಹಳ ಹೋಲುತ್ತವೆ. ನೆಲೆಯ ಆಯ್ಕೆಯಲ್ಲಿ ಮಾತ್ರ ಸ್ಪಷ್ಟವಾಗಿ ಬೇರೆಯಾಗುತ್ತವೆ. ಮಣ್ಣಿನ ಸುಣ್ಣದಂಶ, ತೇವ, ಸಾರಜನಕ ಮತ್ತು ನೆರಳು ಯಾವ ಪ್ರಭೇದ ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಧರಿಸುತ್ತವೆ. ಈ ಕಾರಣದಿಂದ ಯೂರೋಪಿನ ಸಸ್ಯಸಮುದಾಯಗಳ ವರ್ಗೀಕರಣದಲ್ಲಿ ಹಲವು ನೆಲೆಗಳಿಗೆ ಗೇಲಿಯಂ ಪ್ರಭೇದಗಳ ಹೆಸರನ್ನೇ ಇಡಲಾಗಿದೆ.

ಈ ಲೇಖನದಲ್ಲಿ ಕುಟುಂಬದ ಒಳಗಿನ ದೊಡ್ಡ ಗುಂಪಿಗೆ ಬುಡಕಟ್ಟು ಎಂದೂ ಅದರ ಒಳಗಿನ ಗುಂಪಿಗೆ ಜಾತಿ ಎಂದೂ ಜಾತಿಯ ಒಳಗಿನ ಘಟಕಕ್ಕೆ ಪ್ರಭೇದ ಎಂದೂ, ಗೆಣ್ಣಿನ ಸುತ್ತಲಿನ ಎಲೆಚಕ್ರಕ್ಕೆ ಸುತ್ತು ಎಂದೂ, ಕಾಯಿ ಒಡೆದಾಗ ಸಿಗುವ ಒಂದು ಬೀಜದ ಭಾಗಕ್ಕೆ ಹೋಳು ಎಂದೂ ಬಳಸಲಾಗಿದೆ.

ಹೆಸರು ಮತ್ತು ವರ್ಗೀಕರಣ

ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಸ್ಪೀಶೀಸ್ ಪ್ಲಾಂಟೇರಂ ಗ್ರಂಥದಲ್ಲಿ ಈ ಜಾತಿಗೆ ಗೇಲಿಯಂ ಎಂಬ ಹೆಸರು ಸ್ಥಿರವಾಯಿತು. ಇದರ ಮೂಲ ಹಾಲು ಎಂಬ ಅರ್ಥದ ಗ್ರೀಕ್ ಪದ. ಈ ಜಾತಿಯ ಗೇಲಿಯಂ ವೀರಂ ಗಿಡವನ್ನು ಹಾಲು ಒಡೆಯಿಸಲು ಬಳಸುತ್ತಿದ್ದುದನ್ನು ಅದು ಸೂಚಿಸುತ್ತದೆ. ಹಾಸಿಗೆಗೆ ತುಂಬುವ ಹುಲ್ಲಾಗಿ ಬಳಕೆಯಾದುದರಿಂದ ಇಂಗ್ಲಿಷ್ ಹೆಸರು ಬಂದಿದೆ.

ರೂಬಿಯೇಸೀ ಸುಮಾರು 13,500 ಪ್ರಭೇದಗಳ ಕುಟುಂಬ. ಸೂರ್ಯಕಾಂತಿ, ಆರ್ಕಿಡ್ ಮತ್ತು ದ್ವಿದಳ ಕುಟುಂಬಗಳ ಅನಂತರ ಹೂಸಸ್ಯಗಳಲ್ಲಿ ಇದಕ್ಕೆ ನಾಲ್ಕನೆಯ ಸ್ಥಾನ. ಕಾಫಿ, ಕೇಪಳ, ಕದಂಬ ಮತ್ತು ಸಿಂಕೋನ ಇದೇ ಕುಟುಂಬದವು. ಕುಟುಂಬದ ಬಹುಪಾಲು ಸಸ್ಯಗಳು ಉಷ್ಣವಲಯದ ಮರ ಮತ್ತು ಪೊದೆಗಳು. ರೂಬಿಯೇ ಬುಡಕಟ್ಟು ಇದಕ್ಕೆ ಹೊರತು: ಇದರ ಸದಸ್ಯರು ಹೆಚ್ಚಾಗಿ ತಂಪು ಪ್ರದೇಶದ ಮೂಲಿಕೆಗಳು. ಬಣ್ಣದ ಬೇರಿಗೆ ಹೆಸರಾದ ರೂಬಿಯ, ಗೇಲಿಯಂಗೆ ಅತಿ ಹತ್ತಿರದ ಆಸ್ಪೆರುಲ, ಕ್ರೂಸಿಯೇಟ, ಶೆರಾರ್ಡಿಯ, ವಲಾಂಟಿಯ ಮತ್ತು ಕ್ರೂಸಿಯಾನೆಲ್ಲ ಈ ಬುಡಕಟ್ಟಿನ ಇತರ ಜಾತಿಗಳು. ಎಲೆಸುತ್ತು ನಕ್ಷತ್ರದಂತೆ ಕಾಣುವುದರಿಂದ ಹಿಂದಿನ ಸಸ್ಯವಿಜ್ಞಾನಿಗಳು ಈ ಗುಂಪನ್ನು ಸ್ಟೆಲ್ಲೇಟೀ ಎಂದು ಕರೆಯುತ್ತಿದ್ದರು.

ಗೇಲಿಯಂ ಮತ್ತು ಆಸ್ಪೆರುಲ ಜಾತಿಗಳನ್ನು ದಳಗಳು ಕೂಡಿ ಆಗುವ ಕೊಳವೆಯ ಉದ್ದದಿಂದ ಬೇರ್ಪಡಿಸುವುದು ವಾಡಿಕೆಯಾಗಿತ್ತು. ಕೊಳವೆ ಗಿಡ್ಡವಾಗಿ ಹೂವು ಚಪ್ಪಟೆಯಾಗಿದ್ದರೆ ಗೇಲಿಯಂ, ಕೊಳವೆ ಉದ್ದವಾಗಿದ್ದರೆ ಆಸ್ಪೆರುಲ. ಈ ಗಡಿ ಎಲ್ಲೆಡೆ ನಿಲ್ಲುವುದಿಲ್ಲ. ಲಿನೇಯಸ್ ಆಸ್ಪೆರುಲ ಓಡೊರೇಟ ಎಂದು ಹೆಸರಿಸಿದ ಸುವಾಸನೆಯ ಕಾಡುಗಿಡವನ್ನು ಸ್ಕೋಪೋಲಿ ಗೇಲಿಯಂಗೆ ವರ್ಗಾಯಿಸಿದ್ದು, ಇಂದು ಅದರ ಮಾನ್ಯ ಹೆಸರು ಗೇಲಿಯಂ ಓಡೊರೇಟಂ. ಡಿಎನ್‌ಎ ಅಧ್ಯಯನಗಳ ಪ್ರಕಾರ ಇಂದಿನ ಗೇಲಿಯಂ ಒಂದೇ ಮೂಲದಿಂದ ಕವಲೊಡೆದ ಪೂರ್ಣ ಗುಂಪಲ್ಲ. ಆಸ್ಪೆರುಲ, ಕ್ರೂಸಿಯೇಟ ಮುಂತಾದವು ಅದರ ಕವಲುಗಳ ನಡುವೆಯೇ ಬರುತ್ತವೆ. ಆದ್ದರಿಂದ ಜಾತಿಯ ಎಲ್ಲೆಯನ್ನು ಮರುರೂಪಿಸುವ ಕೆಲಸ ನಡೆದಿದೆ. ದಕ್ಷಿಣ ಅಮೆರಿಕದ ರೆಲ್ಬೂನಿಯಂ ಎಂಬ ಹಿಂದಿನ ಜಾತಿಯನ್ನು ಈಗ ಸಾಮಾನ್ಯವಾಗಿ ಗೇಲಿಯಂನ ಒಳಗೇ ಸೇರಿಸುತ್ತಾರೆ.

ಕ್ರೋಮೊಸೋಮುಗಳ ಮೂಲಸಂಖ್ಯೆ ಹೆಚ್ಚಿನ ಪ್ರಭೇದಗಳಲ್ಲಿ 11. ಇದರ ಎರಡು, ನಾಲ್ಕು, ಆರು ಪಟ್ಟು ಕ್ರೋಮೊಸೋಮುಗಳಿರುವ ಗಿಡಗಳು ಒಂದೇ ಪ್ರಭೇದಗುಂಪಿನಲ್ಲಿ ಸಿಗುತ್ತವೆ. ಗೇಲಿಯಂ ವೀರಂನಲ್ಲಿ 22 ಮತ್ತು 44 ಕ್ರೋಮೊಸೋಮುಗಳ ಗಿಡಗಳಿವೆ. ಇಂಥ ಬಹುಗುಣತೆ ಮತ್ತು ಪ್ರಭೇದಗಳ ನಡುವಿನ ಸಂಕರದಿಂದ ಕೆಲವು ಗುಂಪುಗಳಲ್ಲಿ ಗುರುತಿಸುವಿಕೆ ಕಷ್ಟ. ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಶ್ ಎಹ್ರೆನ್‌ಡಾರ್ಫರ್ ಈ ಜಾತಿಯ ಕ್ರೋಮೊಸೋಮು ಮತ್ತು ವಿಕಾಸದ ಅಧ್ಯಯನಕ್ಕೆ ಭದ್ರವಾದ ತಳಹದಿ ಹಾಕಿದರು.

ಸಸ್ಯರಚನೆ

ಗೇಲಿಯಂಗಳು ಏಕವಾರ್ಷಿಕ ಅಥವಾ ಬಹುವಾರ್ಷಿಕ ಮೂಲಿಕೆಗಳು. ಕ್ಯಾಲಿಫೋರ್ನಿಯ ಮುಂತಾದ ಒಣ ಪ್ರದೇಶಗಳಲ್ಲಿ ಬುಡ ಕಟ್ಟಿಗೆಯಾಗುವ ಕಿರುಪೊದೆಗಳೂ ಇವೆ. ಬಹುವಾರ್ಷಿಕಗಳು ನೆಲದೊಳಗೆ ಹರಿಯುವ ತೆಳ್ಳನೆಯ ಗುಪ್ತಕಾಂಡಗಳಿಂದ ಹರಡುತ್ತವೆ. ಹಲವು ಪ್ರಭೇದಗಳ ಬೇರು ಕೆಂಪು ಅಥವಾ ಕಿತ್ತಳೆ ಬಣ್ಣದ್ದು.

ಕಾಂಡ ಅಡ್ಡಕೊಯ್ತದಲ್ಲಿ ಚೌಕ. ತಾನಾಗಿ ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದ ಕಾಂಡ ಕೆಲವಕ್ಕೆ ಮಾತ್ರ ಇದೆ. ಉಳಿದವು ನೆಲದ ಮೇಲೆ ಹಬ್ಬುತ್ತವೆ ಇಲ್ಲವೆ ಪಕ್ಕದ ಗಿಡಗಳಿಗೆ ಆತುಕೊಂಡು ಮೇಲೇರುತ್ತವೆ. ಆತುಕೊಳ್ಳುವ ಪ್ರಭೇದಗಳಲ್ಲಿ ಕಾಂಡದ ಮೂಲೆಗಳ ಮೇಲೂ ಎಲೆಗಳ ಮೇಲೂ ಹಿಮ್ಮುಖವಾಗಿ ಬಾಗಿದ ಸೂಕ್ಷ್ಮ ಕೊಕ್ಕೆಗಳಿವೆ.

ಒಂದು ಗೆಣ್ಣಿನಲ್ಲಿ ನಾಲ್ಕರಿಂದ ಹನ್ನೆರಡರವರೆಗೆ ಎಲೆಗಳು ಸುತ್ತಾಗಿ ಜೋಡಿಸಿರುತ್ತವೆ. ಇವುಗಳಲ್ಲಿ ನಿಜವಾದ ಎಲೆಗಳು ಎದುರುಬದುರಾದ ಎರಡು ಮಾತ್ರ. ಮೊಗ್ಗು ಅಥವಾ ಕವಲು ಹುಟ್ಟುವುದು ಈ ಎರಡರ ಕಂಕುಳಿನಿಂದಲೇ. ಉಳಿದವು ಎಲೆಯ ಗಾತ್ರಕ್ಕೆ ಬೆಳೆದ ವೃಂತಪರ್ಣಗಳು, ಅಂದರೆ ಎಲೆಯ ಬುಡದ ಎರಡೂ ಬದಿಗೆ ಹುಟ್ಟುವ ಕಿರುಎಲೆಗಳು. ರೂಬಿಯೇಸೀ ಕುಟುಂಬದ ಇತರ ಸಸ್ಯಗಳಲ್ಲಿ, ಉದಾಹರಣೆಗೆ ಕಾಫಿಯಲ್ಲಿ, ವೃಂತಪರ್ಣ ಎರಡು ಎಲೆಗಳ ನಡುವೆ ಚಿಕ್ಕ ಹುರುಪೆಯಂತೆ ಉಳಿಯುತ್ತದೆ. ಸುತ್ತಿನಲ್ಲಿರುವ ಎಲೆಗಳ ಸಂಖ್ಯೆ, ಅವುಗಳ ನರಗಳು ಮತ್ತು ತುದಿಯಲ್ಲಿ ಮುಳ್ಳುಮೊನೆ ಇದೆಯೇ ಎಂಬುದು ಪ್ರಭೇದಗಳನ್ನು ಗುರುತಿಸುವ ಮುಖ್ಯ ಆಧಾರಗಳು.

ಹೂಗಳು ಕೆಲವೇ ಮಿಲಿಮೀಟರ್ ಅಗಲದವು. ಕವಲೊಡೆದ ಗೊಂಚಲುಗಳಲ್ಲಿ ಬಹುಸಂಖ್ಯೆಯಲ್ಲಿ ಅರಳುವುದರಿಂದ ದೂರಕ್ಕೆ ನೊರೆಯಂತೆ ಕಾಣುತ್ತವೆ. ಬಣ್ಣ ಸಾಮಾನ್ಯವಾಗಿ ಬಿಳಿ. ಹಳದಿ, ತಿಳಿಹಸಿರು ಮತ್ತು ಕೆಂಗಂದು ಬಣ್ಣಗಳೂ ಇವೆ. ಪುಷ್ಪಪಾತ್ರೆ ಬಹುತೇಕ ಇಲ್ಲದಷ್ಟು ಕ್ಷೀಣಿಸಿದೆ. ದಳಗಳು ನಾಲ್ಕು, ಗೇಲಿಯಂ ಟ್ರೈಫಿಡಂನಂಥ ಕೆಲವು ಜೌಗು ಪ್ರಭೇದಗಳಲ್ಲಿ ಮೂರು. ಕೇಸರಗಳು ದಳಗಳಷ್ಟೇ ಇದ್ದು ಅವುಗಳ ನಡುವೆ ನಿಲ್ಲುತ್ತವೆ. ಅಂಡಾಶಯ ದಳಗಳಿಗಿಂತ ಕೆಳಗಿದ್ದು ಎರಡು ಕೋಣೆಗಳನ್ನು ಹೊಂದಿದೆ. ಪ್ರತಿ ಕೋಣೆಯಲ್ಲಿ ಒಂದೇ ಅಂಡಕ. ಮಾಗಿದ ಕಾಯಿ ಎರಡು ದುಂಡು ಹೋಳುಗಳಾಗಿ ಬೇರ್ಪಡುತ್ತದೆ. ಹೋಳುಗಳ ಮೈ ನುಣುಪಾಗಿ, ಗಂಟುಗಂಟಾಗಿ ಅಥವಾ ಕೊಕ್ಕೆಗೂದಲುಗಳಿಂದ ಕೂಡಿ ಇರಬಹುದು. ರೆಲ್ಬೂನಿಯಂ ಗುಂಪಿನಲ್ಲಿ ಕಾಯಿ ರಸಭರಿತ ಹಣ್ಣಾಗುತ್ತದೆ.

ಪರಾಗಸ್ಪರ್ಶ ಮತ್ತು ಬೀಜಪ್ರಸಾರ

ಚಪ್ಪಟೆಯಾಗಿ ತೆರೆದ ಹೂವಿನಲ್ಲಿ ಮಕರಂದ ಎಟುಕುವಂತಿರುವುದರಿಂದ ಗಿಡ್ಡ ನಾಲಿಗೆಯ ನೊಣ, ಕಿರುದುಂಬಿ ಮತ್ತು ಚಿಕ್ಕ ಜೇನುನೊಣಗಳು ಬರುತ್ತವೆ. ಬಹುವಾರ್ಷಿಕ ಪ್ರಭೇದಗಳಲ್ಲಿ ಹೆಚ್ಚಿನವು ಪರಕೀಯ ಪರಾಗಸ್ಪರ್ಶವನ್ನು ಅವಲಂಬಿಸುತ್ತವೆ. ಹೊಲದ ಏಕವಾರ್ಷಿಕಗಳು ಸ್ವಕೀಯ ಪರಾಗಸ್ಪರ್ಶದಿಂದಲೇ ಕಾಯಿಕಟ್ಟಬಲ್ಲವು. ಪಶ್ಚಿಮ ಉತ್ತರ ಅಮೆರಿಕದ ಹಲವು ಪ್ರಭೇದಗಳಲ್ಲಿ ಗಂಡುಹೂ ಮತ್ತು ಹೆಣ್ಣುಹೂ ಬೇರೆಬೇರೆ ಗಿಡಗಳಲ್ಲಿರುತ್ತವೆ.

ಕೊಕ್ಕೆಯ ಹೋಳುಗಳು ಪ್ರಾಣಿಗಳ ತುಪ್ಪಳ, ಹಕ್ಕಿಗಳ ಗರಿ ಮತ್ತು ಮನುಷ್ಯರ ಬಟ್ಟೆಗೆ ಅಂಟಿ ದೂರ ಸಾಗುತ್ತವೆ. ಗೇಲಿಯಂ ಅಪಾರಿನೆಯ ಹೋಳು ಒಳಗೆ ಟೊಳ್ಳಾಗಿರುವುದರಿಂದ ನೀರಿನ ಮೇಲೂ ತೇಲುತ್ತದೆ. ಇದೇ ಪ್ರಭೇದದ ಎಲೆಯ ಎರಡು ಮೈಗಳಲ್ಲಿ ಕೊಕ್ಕೆಗಳ ದಿಕ್ಕು ಭಿನ್ನ: ತಳಮೈಯವು ಎಲೆಯ ಬುಡದ ಕಡೆಗೂ ಮೇಲ್ಮೈಯವು ತುದಿಯ ಕಡೆಗೂ ಬಾಗಿವೆ. ಹೀಗಾಗಿ ಎಲೆ ಪಕ್ಕದ ಗಿಡದ ಎಲೆಯ ಮೇಲೆ ಕುಳಿತಾಗ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅಡಿಯಲ್ಲಿ ಸಿಕ್ಕಾಗ ಜಾರಿ ಹೊರಬರುತ್ತದೆ. ಗಟ್ಟಿ ಕಾಂಡವಿಲ್ಲದ ಈ ಗಿಡ ಇತರ ಗಿಡಗಳ ಮೇಲೇರಿ ಬೆಳಕು ಪಡೆಯುವುದು ಈ ಏರ್ಪಾಟಿನಿಂದ.

ಭೌಗೋಳಿಕ ಹಂಚಿಕೆ

ಗೇಲಿಯಂ ಅಂಟಾರ್ಕ್ಟಿಕವನ್ನುಳಿದು ಎಲ್ಲ ಖಂಡಗಳಲ್ಲಿ ಇದೆ. ಯೂರೋಪ್, ಮೆಡಿಟರೇನಿಯನ್ ತೀರ, ಪಶ್ಚಿಮ ಏಷ್ಯ ಮತ್ತು ಪಶ್ಚಿಮ ಉತ್ತರ ಅಮೆರಿಕದಲ್ಲಿ ಪ್ರಭೇದಗಳು ಹೆಚ್ಚು. ಗೇಲಿಯಂ ಬೊರಿಯೇಲ್ ಉತ್ತರ ಧ್ರುವವಲಯದ ಕೆಳಗಿನ ಪಟ್ಟಿಯಲ್ಲಿ ಯೂರೋಪ್, ಸೈಬೀರಿಯ, ಅಲಾಸ್ಕ ಮತ್ತು ಕೆನಡಗಳಲ್ಲಿ ಹಬ್ಬಿದೆ. ದಕ್ಷಿಣದಲ್ಲಿ ಗೇಲಿಯಂ ಅಂಟಾರ್ಕ್ಟಿಕಂ ಸೌತ್ ಜಾರ್ಜಿಯ, ಕೆರ್ಗೆಲೆನ್ ಮುಂತಾದ ಉಪಧ್ರುವ ದ್ವೀಪಗಳನ್ನು ಮುಟ್ಟಿದೆ. ಉಷ್ಣವಲಯದಲ್ಲಿ ಈ ಜಾತಿ ತಗ್ಗುನಾಡನ್ನು ಬಿಟ್ಟು ಎತ್ತರದ ಬೆಟ್ಟಗಳಿಗೆ ಸೀಮಿತವಾಗುತ್ತದೆ. ಆಂಡೀಸ್, ಪೂರ್ವ ಆಫ್ರಿಕದ ಪರ್ವತಗಳು ಮತ್ತು ಹಿಮಾಲಯ ಇದಕ್ಕೆ ಉದಾಹರಣೆ.

ಆವಾಸಗಳು ಮತ್ತು ಮುಖ್ಯ ಪ್ರಭೇದಗಳು

ಸುಣ್ಣದಂಶದ ಹುಲ್ಲುಗಾವಲು ಮತ್ತು ಮರಳುದಿಬ್ಬ: ಗೇಲಿಯಂ ವೀರಂ ಇಲ್ಲಿನ ಪ್ರಮುಖ ಪ್ರಭೇದ. ಸೂಜಿಯಂತೆ ಕಿರಿದಾದ, ಅಂಚು ಮಡಿಸಿದ ಎಂಟರಿಂದ ಹನ್ನೆರಡು ಎಲೆಗಳ ಸುತ್ತು ಮತ್ತು ಬಂಗಾರದ ಹಳದಿ ಹೂಗೊಂಚಲು ಇದರ ಗುರುತು. ಯೂರೋಪ್ ಮತ್ತು ಏಷ್ಯದ ಒಣ, ಬಿಸಿಲಿನ, ನೀರು ಬಸಿದುಹೋಗುವ ನೆಲ ಇದಕ್ಕೆ ಬೇಕು. ಕಿರಿದಾದ ಎಲೆ ಮತ್ತು ಆಳದ ಗುಪ್ತಕಾಂಡ ಬೇಸಗೆಯ ಒಣಗನ್ನು ತಡೆಯಲು ನೆರವಾಗುತ್ತವೆ. ದನಕುರಿಗಳ ಮಿತವಾದ ಮೇಯುವಿಕೆ ಎತ್ತರದ ಹುಲ್ಲನ್ನು ತಗ್ಗಿಸಿ ಈ ಗಿಡಕ್ಕೆ ಬೆಳಕು ಕೊಡುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಸಸ್ಯವರ್ಗ ವಿಂಗಡಣೆಯಲ್ಲಿ ಸ್ಥಿರಗೊಂಡ ಮರಳುದಿಬ್ಬಗಳ ಹುಲ್ಲುಗಾವಲಿಗೆ ಫೆಸ್ಟೂಕ ರೂಬ್ರ–ಗೇಲಿಯಂ ವೀರಂ ಸಮುದಾಯ ಎಂದೇ ಹೆಸರು. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಚಿಪ್ಪಿನ ಪುಡಿಯಿಂದಾದ ಮಾಖರ್ ಎಂಬ ಬಯಲುಗಳಲ್ಲೂ ಇದು ಹೇರಳ.

ಆಮ್ಲೀಯ ಹುಲ್ಲುಗಾವಲು ಮತ್ತು ಕುರುಚಲು ಬಯಲು: ಗೇಲಿಯಂ ಸ್ಯಾಕ್ಸಟೈಲ್ ಸುಣ್ಣವಿಲ್ಲದ, ಬಡವಾದ, ಆಮ್ಲೀಯ ಮಣ್ಣಿನ ಗಿಡ. ಹತ್ತರಿಂದ ಮೂವತ್ತು ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆಯದೆ ಚಾಪೆಯಂತೆ ನೆಲಕ್ಕೆ ಹರಡಿ ಬಿಳಿಯ ಹೂ ಬಿಡುತ್ತದೆ. ಪಶ್ಚಿಮ ಯೂರೋಪಿನ ಮಳೆ ಹೆಚ್ಚಾದ ಗುಡ್ಡಗಳಲ್ಲಿ ಅಗ್ರಾಸ್ಟಿಸ್, ಫೆಸ್ಟೂಕ ಮತ್ತು ನಾರ್ಡಸ್ ಹುಲ್ಲುಗಳ ನಡುವೆ ಬೆಳೆಯುತ್ತದೆ. ಬ್ರಿಟನ್ನಿನ ವಿಂಗಡಣೆಯ ಎರಡು ಮುಖ್ಯ ಗುಡ್ಡಗಾಡು ಹುಲ್ಲುಗಾವಲುಗಳ ಹೆಸರಿನಲ್ಲಿ ಈ ಪ್ರಭೇದ ಸೇರಿದೆ.

ಜೌಗು ಮತ್ತು ನೀರಿನ ಅಂಚು: ಕೆರೆಯ ದಡ, ಕಾಲುವೆ ಮತ್ತು ಜೌಗು ಹುಲ್ಲುಗಾವಲುಗಳಲ್ಲಿ ಗೇಲಿಯಂ ಪಲಸ್ಟ್ರೆ ಮತ್ತು ಗೇಲಿಯಂ ಯುಲಿಜಿನೋಸಂ ಬೆಳೆಯುತ್ತವೆ. ಮೊದಲನೆಯದರ ಸುತ್ತಿನಲ್ಲಿ ನಾಲ್ಕರಿಂದ ಆರು ಎಲೆಗಳು, ತುದಿ ಮೊಂಡು. ಒಣಗಿದಾಗ ಗಿಡ ಕಪ್ಪಾಗುತ್ತದೆ. ಎರಡನೆಯದರ ಸುತ್ತಿನಲ್ಲಿ ಆರರಿಂದ ಎಂಟು ಎಲೆಗಳು, ತುದಿಯಲ್ಲಿ ಮುಳ್ಳುಮೊನೆ. ಎರಡೂ ದುರ್ಬಲ ಕಾಂಡದವು. ಜೊಂಡು ಮತ್ತು ಜಂಬುಹುಲ್ಲಿನ ಆಸರೆಯಲ್ಲಿ ಮೇಲೇಳುತ್ತವೆ.

ಕಾಡು: ಗೇಲಿಯಂ ಓಡೊರೇಟಂ ಯೂರೋಪಿನ ಬೀಚ್ ಕಾಡುಗಳ ನೆಲಗಿಡ. ಆರರಿಂದ ಒಂಬತ್ತು ಅಗಲ ಎಲೆಗಳ ಸುತ್ತು ಮತ್ತು ಆಲಿಕೆಯಾಕಾರದ ಬಿಳಿ ಹೂ ಇದಕ್ಕಿದೆ. ಬೀಚ್ ಎಲೆಗಳ ಮೇಲ್ಛಾವಣಿ ಪೂರ್ತಿ ಮುಚ್ಚುವ ಹೊತ್ತಿನಲ್ಲಿ, ವಸಂತದ ಕೊನೆಗೆ, ಹೂ ಬಿಡುತ್ತದೆ. ಸಾರವತ್ತಾದ, ತೇವ ಉಳಿಸುವ ಕೊಳೆಗೊಬ್ಬರದ ಮಣ್ಣನ್ನು ಸೂಚಿಸುವುದರಿಂದ ಯೂರೋಪಿಯನ್ ಒಕ್ಕೂಟದ 1992ರ ಆವಾಸ ನಿರ್ದೇಶನದ ಪಟ್ಟಿಯಲ್ಲಿ ಇಂಥ ಕಾಡಿಗೆ ಈ ಗಿಡದ ಹಳೆಯ ಜಾತಿನಾಮದ ಮೇಲೆ ಆಸ್ಪೆರುಲೊ–ಫಜೇಟಂ ಎಂಬ ಹೆಸರಿದೆ, ಸಂಕೇತ 9130. ಅದೇ ಪಟ್ಟಿಯ 9170ನೆಯ ಆವಾಸ ಗೇಲಿಯೊ–ಕಾರ್ಪಿನೇಟಂ, ಅಂದರೆ ಓಕ್ ಮತ್ತು ಹಾರ್ನ್‌ಬೀಮ್ ಮರಗಳ ಕಾಡು. ಗೇಲಿಯಂ ರೊಟಂಡಿಫೋಲಿಯಂ ಸೂಚಿಪರ್ಣಿ ಮರಗಳ ನೆರಳಿನಲ್ಲೂ ಗೇಲಿಯಂ ಟ್ರೈಫ್ಲೋರಂ ಉತ್ತರದ ತೇವಗಾಡುಗಳಲ್ಲೂ ಬೆಳೆಯುತ್ತವೆ.

ಬೇಲಿಸಾಲು, ಹಾಳುನೆಲ ಮತ್ತು ಹೊಲ: ಸಾರಜನಕ ಹೆಚ್ಚಾದ, ಕೆದಕಿದ ನೆಲದ ಪ್ರಭೇದ ಗೇಲಿಯಂ ಅಪಾರಿನೆ. ಇಂಗ್ಲಿಷಿನಲ್ಲಿ ಇದರ ಹೆಸರು ಕ್ಲೀವರ್ಸ್. ಇದು ಒಂದೇ ವರ್ಷ ಬದುಕುತ್ತದೆ; ಶರತ್ಕಾಲದಿಂದ ವಸಂತದವರೆಗೆ ಮೊಳೆತು ಬೇಸಗೆಯಲ್ಲಿ ಬೀಜ ಉದುರಿಸಿ ಸಾಯುತ್ತದೆ. ಕಾಂಡ ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ಚುರುಚುರಿಕೆ ಗಿಡದೊಂದಿಗೆ ಇದು ಬೆಳೆಯುವ ನೆಲವನ್ನು ಬ್ರಿಟನ್ನಿನ ವಿಂಗಡಣೆ ಅರ್ಟೀಕ ಡಯೋಯಿಕ–ಗೇಲಿಯಂ ಅಪಾರಿನೆ ಸಮುದಾಯ ಎನ್ನುತ್ತದೆ. ಎತ್ತರದ ಬೇಲಿ ಮತ್ತು ರಸ್ತೆಬದಿಯ ಹುಲ್ಲಿನಲ್ಲಿ ಬಹುವಾರ್ಷಿಕವಾದ ಗೇಲಿಯಂ ಮೊಲ್ಲೂಗೊ ಗುಂಪಿನ ಬಿಳಿ ಹೂಗಳು ಸಾಮಾನ್ಯ.

ಬಂಡೆ, ಪರ್ವತ ಮತ್ತು ದ್ವೀಪ: ಗೇಲಿಯಂ ಬೊರಿಯೇಲ್ ಕಲ್ಲುನದಿಗಳ ದಂಡೆಯಲ್ಲೂ ಬಂಡೆಯ ಸಂದುಗಳಲ್ಲೂ ಬೆಳೆಯುತ್ತದೆ, ಸುತ್ತಿನಲ್ಲಿ ನಾಲ್ಕೇ ಎಲೆಗಳು, ಪ್ರತಿಯೊಂದರಲ್ಲೂ ಮೂರು ನರಗಳು. ಇಂಥ ನೆಲೆಗಳಲ್ಲಿ ಅತಿ ಕಿರಿದಾದ ವ್ಯಾಪ್ತಿಯ ಸ್ಥಾನಿಕ ಪ್ರಭೇದಗಳು ಬೇರ್ಪಟ್ಟಿವೆ. ಗೇಲಿಯಂ ಕ್ರಾಕೊವಿಯೆನ್ಸೆ ಪೋಲೆಂಡಿನ ಚೆಂಸ್ಟೊಹೋವ ನಗರದ ಸಮೀಪದ ಸುಣ್ಣಕಲ್ಲಿನ ಗುಡ್ಡಗಳಲ್ಲಷ್ಟೇ ಇದೆ. ದಕ್ಷಿಣ ಸ್ಪೇನಿನ ಗೇಲಿಯಂ ವಿರಿಡಿಫ್ಲೋರಂ ಸರ್ಪೆಂಟೈನ್ ಶಿಲೆಯ ಬೆಟ್ಟಗಳಿಗೆ ಅಂಟಿಕೊಂಡಿದೆ. ಕ್ಯಾಲಿಫೋರ್ನಿಯದ ಗೇಲಿಯಂ ಬಕ್ಸಿಫೋಲಿಯಂ ಎಂಬ ಕಿರುಪೊದೆ ಚಾನೆಲ್ ದ್ವೀಪಗಳ ಕಡಲಬಂಡೆಗಳ ಗಿಡ.

ಮಣ್ಣು ಮತ್ತು ಪೈಪೋಟಿ: ಟ್ಯಾನ್ಸ್ಲಿಯ ಪ್ರಯೋಗ

ಒಂದು ಪ್ರಭೇದ ಒಂದೇ ಬಗೆಯ ಮಣ್ಣಿನಲ್ಲಿ ಕಾಣುವುದಕ್ಕೆ ಆ ಮಣ್ಣಿನ ಗುಣವೊಂದೇ ಕಾರಣವೇ ಎಂಬ ಪ್ರಶ್ನೆಗೆ ಪರಿಸರವಿಜ್ಞಾನದ ಆರಂಭಿಕ ಪ್ರಯೋಗಗಳಲ್ಲೊಂದು ಗೇಲಿಯಂನಿಂದಲೇ ಉತ್ತರ ಹುಡುಕಿತು. ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್ಲಿ 1911ರಲ್ಲಿ ಕೇಂಬ್ರಿಜ್ ಸಸ್ಯೋದ್ಯಾನದಲ್ಲಿ ಈ ಪ್ರಯೋಗ ಆರಂಭಿಸಿ ಫಲಿತಾಂಶವನ್ನು 1917ರಲ್ಲಿ ಜರ್ನಲ್ ಆಫ್ ಇಕಾಲಜಿಯಲ್ಲಿ ಪ್ರಕಟಿಸಿದರು. ಆಮ್ಲೀಯ ನೆಲದ ಗೇಲಿಯಂ ಸ್ಯಾಕ್ಸಟೈಲ್ ಮತ್ತು ಸುಣ್ಣದ ನೆಲದ, ಆಗ ಗೇಲಿಯಂ ಸಿಲ್ವೆಸ್ಟ್ರೆ ಎಂದು ಕರೆಯುತ್ತಿದ್ದ ಪ್ರಭೇದ, ಇವೆರಡನ್ನು ಬಗೆಬಗೆಯ ಮಣ್ಣಿನಲ್ಲಿ ಒಂಟಿಯಾಗಿಯೂ ಜೊತೆಯಾಗಿಯೂ ಬೆಳೆಸಲಾಯಿತು.

ಒಂಟಿಯಾಗಿ ಬೆಳೆಸಿದಾಗ ಎರಡೂ ಪ್ರಭೇದಗಳು ಪರಕೀಯ ಮಣ್ಣಿನಲ್ಲೂ ಉಳಿದವು. ಬೆಳವಣಿಗೆ ಮಾತ್ರ ಕುಂಠಿತವಾಯಿತು. ಜೊತೆಯಾಗಿ ಬೆಳೆಸಿದಾಗ ಆಯಾ ಮಣ್ಣಿಗೆ ಹೊಂದಿದ ಪ್ರಭೇದ ಮತ್ತೊಂದನ್ನು ಮುಚ್ಚಿಹಾಕಿತು. ನಿಸರ್ಗದಲ್ಲಿ ಎರಡರ ನಡುವೆ ಕಾಣುವ ಗೆರೆ ಮಣ್ಣು ಮತ್ತು ಪೈಪೋಟಿ ಸೇರಿ ಎಳೆದದ್ದು ಎಂದು ಇದರಿಂದ ತಿಳಿಯಿತು. ಸಸ್ಯಗಳ ನಡುವಿನ ಪೈಪೋಟಿಯನ್ನು ನಿಯಂತ್ರಿತ ಪ್ರಯೋಗದಿಂದ ತೋರಿಸಿದ ಮೊದಲ ಕೆಲಸಗಳಲ್ಲಿ ಒಂದಾಗಿ ಇದು ಪರಿಸರವಿಜ್ಞಾನದ ಪಠ್ಯಗಳಲ್ಲಿ ಉಳಿದಿದೆ.

ಆಶ್ರಿತ ಜೀವಿಗಳು

ಹಾಕ್ ಪತಂಗಗಳಲ್ಲಿ ಹಲವು ಗೇಲಿಯಂ ಎಲೆಗಳ ಮೇಲೆ ಮೊಟ್ಟೆಯಿಡುತ್ತವೆ. ಹಗಲಿನಲ್ಲೇ ಹಾರಾಡಿ ಹೂವಿನ ಮುಂದೆ ಗಾಳಿಯಲ್ಲಿ ನಿಂತು ಮಕರಂದ ಹೀರುವ ಮ್ಯಾಕ್ರೊಗ್ಲಾಸಂ ಸ್ಟೆಲ್ಲಟೇರಂ ಇವುಗಳಲ್ಲಿ ಪ್ರಸಿದ್ಧ. ಅದರ ಹೆಸರಿನ ಎರಡನೆಯ ಭಾಗ ಸ್ಟೆಲ್ಲೇಟೀ ಗುಂಪಿನಿಂದ ಬಂದಿದೆ. ಹೈಲೀಸ್ ಗ್ಯಾಲೈ ಮತ್ತು ಡೈಲೆಫಿಲ ಪೋರ್ಸೆಲ್ಲಸ್ ಪತಂಗಗಳ ಹುಳುಗಳಿಗೂ ಗೇಲಿಯಂ ಮುಖ್ಯ ಆಹಾರ. ಎಪಿರೋಯಿ ಜಾತಿಯ ಚಿಕ್ಕ ಪತಂಗಗಳು ಇದೇ ಗಿಡಗಳನ್ನು ಅವಲಂಬಿಸಿವೆ. ಜಿಯೊಕ್ರಿಪ್ಟ ಗ್ಯಾಲೈ ಎಂಬ ಕಿರುನೊಣ ಕಾಂಡದ ಮೇಲೆ ಗುಂಡನೆಯ ಗಂಟುಗಳನ್ನು ಉಂಟುಮಾಡುತ್ತದೆ.

ರಾಸಾಯನಿಕ ಘಟಕಗಳು

ಮೂರು ಬಗೆಯ ಸಂಯುಕ್ತಗಳು ಈ ಜಾತಿಯಲ್ಲಿ ಗಮನಾರ್ಹ. ಬೇರಿನಲ್ಲಿರುವ ಆಂತ್ರಕ್ವಿನೋನುಗಳು, ಮುಖ್ಯವಾಗಿ ಪರ್ಪುರಿನ್ ಮತ್ತು ಸೂಡೊಪರ್ಪುರಿನ್, ಕೆಂಪು ಬಣ್ಣ ಕೊಡುತ್ತವೆ. ಎಲೆಕಾಂಡಗಳಲ್ಲಿರುವ ಆಸ್ಪೆರುಲೊಸೈಡ್ ಮುಂತಾದ ಇರಿಡಾಯ್ಡುಗಳು ಒಣಗುವಾಗ ಒಡೆದು ಕೆಲವು ಪ್ರಭೇದಗಳನ್ನು ಕಪ್ಪಾಗಿಸುತ್ತವೆ. ಗೇಲಿಯಂ ಓಡೊರೇಟಂ ಮತ್ತು ಗೇಲಿಯಂ ವೀರಂಗಳನ್ನು ಕೊಯ್ದು ಬಾಡಿಸಿದಾಗ ಗ್ಲೈಕೊಸೈಡ್ ರೂಪದ ಪೂರ್ವವಸ್ತುವಿನಿಂದ ಕೂಮರಿನ್ ಬಿಡುಗಡೆಯಾಗುತ್ತದೆ. ಹಸಿಗಿಡಕ್ಕಿಲ್ಲದ ಹೊಸ ಒಣಹುಲ್ಲಿನ ಪರಿಮಳ ಬಾಡಿದ ಗಿಡಕ್ಕೆ ಬರುವುದು ಇದರಿಂದ. ಹೆಚ್ಚು ಪ್ರಮಾಣದ ಕೂಮರಿನ್ ಯಕೃತ್ತಿಗೆ ಹಾನಿಕರ.

ಉಪಯೋಗಗಳು

ಹಾಸಿಗೆ: ಗೇಲಿಯಂ ವೀರಂ ಒಣಗಿದರೆ ಮೆತ್ತಗೆ, ಪರಿಮಳಯುಕ್ತ. ಯೂರೋಪಿನಲ್ಲಿ ಇದನ್ನು ಹಾಸಿಗೆ ಮತ್ತು ದಿಂಬುಗಳಿಗೆ ತುಂಬುತ್ತಿದ್ದರು. ಚಿಗಟಗಳನ್ನು ದೂರವಿಡುತ್ತದೆ ಎಂಬ ನಂಬಿಕೆಯೂ ಇತ್ತು. ಯೇಸುವಿನ ಗೋದಲಿಯ ಹುಲ್ಲಿನಲ್ಲಿ ಈ ಗಿಡವೂ ಇತ್ತೆಂಬ ಕ್ರೈಸ್ತ ಐತಿಹ್ಯದಿಂದ ಇಂಗ್ಲಿಷಿನಲ್ಲಿ ಇದನ್ನು ಮಾತೆ ಮೇರಿಯ ಹೆಸರಿನೊಂದಿಗೆ ಜೋಡಿಸಿದ್ದಾರೆ.

ಹಾಲು ಮತ್ತು ಚೀಸ್: ಗೇಲಿಯಂ ವೀರಂ ಹೂಕಾಂಡಗಳನ್ನು ಹಾಲು ಹೆಪ್ಪುಗಟ್ಟಿಸಲು ಮತ್ತು ಚೀಸಿಗೆ ಹಳದಿ ಬಣ್ಣ ಕೊಡಲು ಬಳಸುತ್ತಿದ್ದರು. ಇಂಗ್ಲೆಂಡಿನ ಚೆಷೈರ್ ಪ್ರಾಂತದಲ್ಲಿ ಈ ಬಳಕೆ ಇದ್ದುದನ್ನು ಜಾನ್ ಜೆರಾರ್ಡ್ 1597ರ ತಮ್ಮ ಗಿಡಮೂಲಿಕೆ ಗ್ರಂಥದಲ್ಲಿ ದಾಖಲಿಸಿದ್ದಾರೆ. ಕರುವಿನ ಹೊಟ್ಟೆಯಿಂದ ತೆಗೆಯುವ ರೆನ್ನೆಟ್ ಮತ್ತು ಅನಾಟೊ ಬಣ್ಣ ಈ ಬಳಕೆಯ ಸ್ಥಾನವನ್ನು ಪಡೆದವು. ಗ್ರೀಕ್ ಕುರಿಗಾಹಿಗಳು ಗೇಲಿಯಂ ಅಪಾರಿನೆಯ ಕೊಕ್ಕೆಕಾಂಡಗಳನ್ನು ಹೆಣೆದು ಹಾಲು ಸೋಸುವ ಜರಡಿ ಮಾಡುತ್ತಿದ್ದರೆಂದು ಕ್ರಿ.ಶ. ಮೊದಲ ಶತಮಾನದ ಡಯೊಸ್ಕೊರಿಡೀಸ್ ಬರೆದಿದ್ದಾನೆ.

ಬಣ್ಣ: ಬೇರುಗಳನ್ನು ಪಟಿಕದೊಂದಿಗೆ ಕುದಿಸಿ ಉಣ್ಣೆಗೆ ಕೆಂಪು ಕಟ್ಟುತ್ತಿದ್ದರು. ಬೇರು ತೆಳುವಾದ ಕಾರಣ ಸ್ವಲ್ಪ ಬಣ್ಣಕ್ಕೂ ಬಹಳ ಗಿಡ ಅಗೆಯಬೇಕಾಗುತ್ತಿತ್ತು. ಸ್ಕಾಟ್ಲೆಂಡಿನ ಕರಾವಳಿ ಮತ್ತು ದ್ವೀಪಗಳಲ್ಲಿ ಹೀಗೆ ಅಗೆಯುವುದರಿಂದ ಮರಳು ಸಡಿಲಗೊಂಡು ಗಾಳಿಗೆ ಹಾರುತ್ತಿದ್ದುದರಿಂದ ನಿರ್ಬಂಧಗಳು ಬಂದವು. ಉತ್ತರ ಅಮೆರಿಕದ ಮೂಲನಿವಾಸಿಗಳು ಗೇಲಿಯಂ ಬೇರುಗಳಿಂದ ಮುಳ್ಳುಹಂದಿಯ ಮುಳ್ಳುಗಳಿಗೆ ಬಣ್ಣ ಹಾಕುತ್ತಿದ್ದರು. ಪೆರುವಿನ ದಕ್ಷಿಣ ಕರಾವಳಿಯ ಪರಾಕಾಸ್ ಸಂಸ್ಕೃತಿಯ ಬಟ್ಟೆಗಳ ಕೆಂಪಿನಲ್ಲಿ ರೆಲ್ಬೂನಿಯಂ ಗುಂಪಿನ ಬಣ್ಣವನ್ನು ರಾಸಾಯನಿಕ ವಿಶ್ಲೇಷಣೆ ಗುರುತಿಸಿದೆ.

ಆಹಾರ ಮತ್ತು ಪಾನೀಯ: ಜರ್ಮನಿಯಲ್ಲಿ ವಾಲ್ಡ್‌ಮೈಸ್ಟರ್ ಎಂದು ಕರೆಯುವ ಗೇಲಿಯಂ ಓಡೊರೇಟಂನ ಬಾಡಿಸಿದ ಚಿಗುರನ್ನು ಬಿಳಿ ವೈನಿನಲ್ಲಿ ಅದ್ದಿ ಮೇ ತಿಂಗಳ ಪಾನೀಯ ತಯಾರಿಸುತ್ತಾರೆ. ಬರ್ಲಿನ್ ನಗರದ ಹುಳಿ ಬಿಯರಿಗೆ ಬೆರೆಸುವ ಹಸಿರು ಪಾಕವೂ ಇದೇ ರುಚಿಯದು. ಕೂಮರಿನ್ ಮೇಲಿನ ನಿರ್ಬಂಧದಿಂದಾಗಿ ಮಾರುಕಟ್ಟೆಯ ಮಿಠಾಯಿಗಳಲ್ಲಿ ಕೃತಕ ಸುವಾಸನೆ ಬಳಕೆಯಲ್ಲಿದೆ. ಡೆನ್ಮಾರ್ಕಿನಲ್ಲಿ ಗೇಲಿಯಂ ವೀರಂ ಹೂಗಳನ್ನು ಮದ್ಯದಲ್ಲಿ ನೆನೆಸುತ್ತಾರೆ. ಗೇಲಿಯಂ ಅಪಾರಿನೆಯ ಎಳೆಯ ಕುಡಿ ಬೇಯಿಸಿದಾಗ ಕೊಕ್ಕೆಗಳು ಮೆತ್ತಗಾ‌ಗುವುದರಿಂದ ಸೊಪ್ಪಾಗಿ ತಿನ್ನಲು ಬರುತ್ತದೆ. ಅದರ ಬೀಜಗಳನ್ನು ಹುರಿದು ತನ್ನದೇ ಕುಟುಂಬದ ಕಾಫಿಗೆ ಬದಲಿಯಾಗಿ ಬಳಸಿದ್ದುಂಟು. ಹೆಬ್ಬಾತುಗಳಿಗೆ ಇದು ಇಷ್ಟದ ಮೇವು.

ಔಷಧ: ಯೂರೋಪಿನ ಜನಪದ ವೈದ್ಯದಲ್ಲಿ ಮೂತ್ರಜನಕವಾಗಿಯೂ ಚರ್ಮದ ತೊಂದರೆಗಳಿಗೂ ಹಲವು ಪ್ರಭೇದಗಳ ಬಳಕೆಯಿದೆ. ಮನುಷ್ಯರ ಮೇಲಿನ ವೈದ್ಯಕೀಯ ಪರೀಕ್ಷೆಗಳ ಆಧಾರ ಅಲ್ಪ. ಗೇಲಿಯಂ ಅಪಾರಿನೆಯ ಸ್ಪರ್ಶದಿಂದ ಕೆಲವರ ಚರ್ಮದಲ್ಲಿ ತುರಿಕೆ ಮತ್ತು ಗುಳ್ಳೆಗಳು ಏಳುತ್ತವೆ.

ಕಳೆಯಾಗಿ ಗೇಲಿಯಂ

ಧಾನ್ಯದ ಜೊತೆ ಗೇಲಿಯಂನ ಒಡನಾಟ ಕೃಷಿಗಿಂತಲೂ ಹಳೆಯದು. ಇಸ್ರೇಲಿನ ಗಲಿಲಾಯ ಸರೋವರದ ದಡದ ಒಹಾಲೊ 2 ನೆಲೆಯಲ್ಲಿ, ಸುಮಾರು 23,000 ವರ್ಷ ಹಿಂದಿನ ಪದರಗಳಲ್ಲಿ, ಕಾಡುಧಾನ್ಯಗಳೊಂದಿಗೆ ಗೇಲಿಯಂ ಟ್ರೈಕಾರ್ನ್ಯೂಟಂ ಬೀಜಗಳು ಸಿಕ್ಕಿವೆ. ಸಂಶೋಧಕರು ಇದನ್ನು ಮೂಲಕಳೆಗಳಲ್ಲಿ ಸೇರಿಸಿದ್ದಾರೆ. ನವಶಿಲಾಯುಗದ ಯೂರೋಪಿನ ಕೃಷಿನೆಲೆಗಳಲ್ಲಿ ಸುಟ್ಟ ಧಾನ್ಯದ ನಡುವೆ ಗೇಲಿಯಂ ಅಪಾರಿನೆ ಮತ್ತು ಗೇಲಿಯಂ ಸ್ಪ್ಯೂರಿಯಂ ಬೀಜಗಳು ಸಾಮಾನ್ಯ. ಶರತ್ಕಾಲದ ಬಿತ್ತನೆಯ ಸೂಚಕವಾಗಿ ಪುರಾತತ್ತ್ವಜ್ಞರು ಇವನ್ನು ಬಳಸುತ್ತಾರೆ.

ಇಂದು ಗೇಲಿಯಂ ಅಪಾರಿನೆ ಚಳಿಗಾಲದ ಗೋಧಿ ಮತ್ತು ಸಾಸಿವೆವರ್ಗದ ಎಣ್ಣೆಬೀಜಗಳ ಪ್ರಬಲ ಕಳೆ. ಪೈರಿನ ಮೇಲೇರಿ ಅದನ್ನು ನೆಲಕ್ಕೆ ಒರಗಿಸುತ್ತದೆ, ಕೊಯ್ಲುಯಂತ್ರಕ್ಕೆ ಸುತ್ತಿಕೊಳ್ಳುತ್ತದೆ, ಧಾನ್ಯದಲ್ಲಿ ಬೀಜ ಬೆರೆಸುತ್ತದೆ. ಕೆನಡದ ಹುಲ್ಲುನಾಡಿನಲ್ಲಿ ಗೇಲಿಯಂ ಸ್ಪ್ಯೂರಿಯಂನ ಹೋಳು ಕನೋಲ ಬೀಜದಷ್ಟೇ ಗಾತ್ರದ್ದಾದ್ದರಿಂದ ಬೇರ್ಪಡಿಸುವುದು ಕಷ್ಟ. ನಿಯಂತ್ರಣಕ್ಕೆ ಫ್ಲೂರಾಕ್ಸಿಪಿರ್ ಮತ್ತು ಮೆಕೊಪ್ರಾಪ್ ಮುಂತಾದ ಕಳೆನಾಶಕಗಳು, ಬೆಳೆ ಸರದಿ ಮತ್ತು ಬಿತ್ತನೆಬೀಜದ ಶುದ್ಧೀಕರಣ ಬಳಕೆಯಲ್ಲಿವೆ. ಬೀಜ ಮಣ್ಣಿನಲ್ಲಿ ಕೆಲವೇ ವರ್ಷ ಜೀವಂತವಾಗಿರುವುದರಿಂದ ಬೆಳೆ ಸರದಿ ಪರಿಣಾಮಕಾರಿ. ಕೆಲವೆಡೆ ಕಳೆನಾಶಕ ನಿರೋಧ ಪಡೆದ ಗಿಡಗಳು ಕಾಣಿಸಿಕೊಂಡಿವೆ.

ಭಾರತದಲ್ಲಿ ಗೇಲಿಯಂ

ಭಾರತದ ಪ್ರಭೇದಗಳಲ್ಲಿ ಬಹುಪಾಲು ಹಿಮಾಲಯದವು. ಗೇಲಿಯಂ ವೀರಂ ಕಾಶ್ಮೀರ ಮತ್ತು ಪಶ್ಚಿಮ ಹಿಮಾಲಯದ ಹುಲ್ಲುಗಾವಲುಗಳಲ್ಲಿ ಇದೆ. ಗೇಲಿಯಂ ಅಪಾರಿನೆ ಅಲ್ಲಿನ ಗೋಧಿ ಹೊಲಗಳ ಕಳೆ. ಗೇಲಿಯಂ ಆಸ್ಪೆರಿಫೋಲಿಯಂ ಮತ್ತು ಗೇಲಿಯಂ ಅಕ್ಯೂಟಂ ಕಾಡಿನಂಚು ಮತ್ತು ಕುರುಚಲುಗಳ ನಡುವೆ ಬೆಳೆಯುತ್ತವೆ. ದಕ್ಷಿಣ ಭಾರತದಲ್ಲಿ ಈ ಜಾತಿ ನೀಲಗಿರಿ ಮತ್ತು ಪಳನಿಯಂಥ ಎತ್ತರದ ಬೆಟ್ಟಗಳ ತಂಪು ನೆಲೆಗಳಲ್ಲಿ ಮಾತ್ರ ಕಾಣುತ್ತದೆ.

ಕನ್ನಡನಾಡಿನಲ್ಲಿ ಪರಿಚಿತವಾದ ಹತ್ತಿರದ ಬಂಧು ಮಂಜಿಷ್ಠ, ಅಂದರೆ ರೂಬಿಯ ಕಾರ್ಡಿಫೋಲಿಯ. ಪಶ್ಚಿಮಘಟ್ಟದ ಬೆಟ್ಟಗಳಲ್ಲಿ ಬೆಳೆಯುವ ಈ ಬಳ್ಳಿಯಲ್ಲಿ ಚೌಕ ಕಾಂಡ, ಹಿಡಿದೇರುವ ಕೊಕ್ಕೆಗಳು, ನಾಲ್ಕು ಎಲೆಗಳ ಸುತ್ತು ಮತ್ತು ಕೆಂಪು ಬಣ್ಣದ ಬೇರು ಇವೆ. ಗೇಲಿಯಂನಲ್ಲಿ ಸಾಮಾನ್ಯವಾಗಿ ದಳಗಳು ನಾಲ್ಕು, ಕಾಯಿ ಒಣಗಿದ್ದು. ಮಂಜಿಷ್ಠದಲ್ಲಿ ದಳಗಳು ಐದು, ಕಾಯಿ ರಸಭರಿತ.

ಇಂದಿನ ಸ್ಥಿತಿ

ಗೇಲಿಯಂ ಪ್ರಭೇದಗಳ ಸ್ಥಿತಿ ಅವುಗಳ ಆವಾಸದ ಸ್ಥಿತಿಯನ್ನು ಅನುಸರಿಸುತ್ತದೆ. ಸಾರಜನಕ ಹೆಚ್ಚಾದ ನೆಲದ ಪ್ರಭೇದಗಳಿಗೆ ರಸಗೊಬ್ಬರದ ಬಳಕೆ ಅನುಕೂಲವಾಗಿದೆ. ಬಡ ಮಣ್ಣಿನ ಪ್ರಭೇದಗಳ ನೆಲೆ ಕುಗ್ಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1930ರ ದಶಕದಿಂದ 1984ರ ವೇಳೆಗೆ ಗೊಬ್ಬರ ಹಾಕದ ಸಾಂಪ್ರದಾಯಿಕ ತಗ್ಗುನಾಡಿನ ಹುಲ್ಲುಗಾವಲುಗಳ ಸುಮಾರು 97% ಭಾಗ ಉಳುಮೆ ಮತ್ತು ಗೊಬ್ಬರದಿಂದ ನಷ್ಟವಾಯಿತು. ಗಾಳಿಯಿಂದ ಇಳಿದುಬರುವ ಸಾರಜನಕದ ಪರಿಣಾಮವನ್ನು ಕ್ಯಾರ್ಲಿ ಸ್ಟೀವನ್ಸ್ ಮತ್ತು ಸಂಗಡಿಗರು ಬ್ರಿಟನ್ನಿನ 68 ಆಮ್ಲೀಯ ಹುಲ್ಲುಗಾವಲುಗಳಲ್ಲಿ ಅಳೆದು 2004ರಲ್ಲಿ ಪ್ರಕಟಿಸಿದರು. ವರ್ಷಕ್ಕೆ ಹೆಕ್ಟೇರಿಗೆ 2.5 ಕಿಲೋಗ್ರಾಂ ಸಾರಜನಕ ಹೆಚ್ಚಾದಂತೆ ನಾಲ್ಕು ಚದರ ಮೀಟರ್ ಅಂಕಣದಲ್ಲಿ ಸರಾಸರಿ ಒಂದು ಸಸ್ಯಪ್ರಭೇದ ಕಡಿಮೆಯಾಗುತ್ತದೆ ಎಂಬುದು ಅವರ ತೀರ್ಮಾನ.

ಒಂದೇ ಪ್ರಭೇದದ ಸ್ಥಿತಿ ದೇಶದಿಂದ ದೇಶಕ್ಕೆ ಬೇರೆಯಾಗಬಹುದು. ಗೇಲಿಯಂ ಟ್ರೈಕಾರ್ನ್ಯೂಟಂ ದಕ್ಷಿಣ ಆಸ್ಟ್ರೇಲಿಯದ ಧಾನ್ಯದ ಹೊಲಗಳಲ್ಲಿ ನಿಯಂತ್ರಿಸಬೇಕಾದ ಕಳೆ. ಬ್ರಿಟನ್ನಿನಲ್ಲಿ ಶುದ್ಧ ಬೀಜ ಮತ್ತು ಕಳೆನಾಶಕಗಳಿಂದ ಅದು ಅಳಿವಿನಂಚಿಗೆ ಬಂದಿದೆ. ಅಲ್ಲಿ ಅದು ಉಳಿದಿರುವ ವಿರಳ ನೆಲೆಗಳಲ್ಲಿ ಒಂದು 1843ರಲ್ಲಿ ರಾಥಮ್‌ಸ್ಟೆಡ್‌ನಲ್ಲಿ ಆರಂಭವಾದ ಬ್ರಾಡ್‌ಬಾಕ್ ಗೋಧಿ ಪ್ರಯೋಗದ ಹೊಲ. ಅದರಲ್ಲಿ ಕಳೆನಾಶಕ ಸಿಂಪಡಿಸದ ಭಾಗವೊಂದನ್ನು ಉಳಿಸಿಕೊಳ್ಳಲಾಗಿದೆ.

ಕಿರಿದಾದ ವ್ಯಾಪ್ತಿಯ ಕೆಲವು ಪ್ರಭೇದಗಳಿಗೆ ಕಾನೂನಿನ ರಕ್ಷಣೆ ಇದೆ. ಗೇಲಿಯಂ ಕ್ರಾಕೊವಿಯೆನ್ಸೆ, ಗೇಲಿಯಂ ವಿರಿಡಿಫ್ಲೋರಂ, ಸಿಸಿಲಿಯ ಗೇಲಿಯಂ ಲಿಟೊರೇಲ್ ಮತ್ತು ಮಧ್ಯ ಯೂರೋಪಿನ ಗೇಲಿಯಂ ಸುಡೆಟಿಕಂ ಯೂರೋಪಿಯನ್ ಒಕ್ಕೂಟದ ಆವಾಸ ನಿರ್ದೇಶನದ ಎರಡನೆಯ ಅನುಬಂಧದಲ್ಲಿವೆ. ಅಮೆರಿಕ ಸಂಯುಕ್ತ ಸಂಸ್ಥಾನ 1996ರಲ್ಲಿ ಕ್ಯಾಲಿಫೋರ್ನಿಯದ ಗ್ಯಾಬ್ರೊ ಶಿಲೆಯ ಮಣ್ಣಿಗೆ ಸೀಮಿತವಾದ ಗೇಲಿಯಂ ಕ್ಯಾಲಿಫೋರ್ನಿಕಂನ ಸಿಯೆರೆ ಉಪಪ್ರಭೇದವನ್ನೂ 1997ರಲ್ಲಿ ಗೇಲಿಯಂ ಬಕ್ಸಿಫೋಲಿಯಂ ಪ್ರಭೇದವನ್ನೂ ಅಪಾಯದಲ್ಲಿರುವ ಸಸ್ಯಗಳ ಪಟ್ಟಿಗೆ ಸೇರಿಸಿತು. ಮೊದಲನೆಯದಕ್ಕೆ ವಸತಿ ವಿಸ್ತರಣೆಯೂ ಎರಡನೆಯದಕ್ಕೆ ದ್ವೀಪದಲ್ಲಿ ಬಿಟ್ಟ ಕುರಿ ಮತ್ತು ಹಂದಿಗಳೂ ಮುಖ್ಯ ಕಂಟಕಗಳಾಗಿದ್ದವು. ಚಾನೆಲ್ ದ್ವೀಪಗಳಲ್ಲೊಂದಾದ ಸಾಂತಾ ಕ್ರೂಜ್ ದ್ವೀಪದಿಂದ ಈ ಪ್ರಾಣಿಗಳನ್ನು ಪೂರ್ತಿಯಾಗಿ ತೆಗೆದ ಮೇಲೆ ಸಸ್ಯವರ್ಗ ಚೇತರಿಸಿಕೊಂಡು, 2023ರಲ್ಲಿ ಗೇಲಿಯಂ ಬಕ್ಸಿಫೋಲಿಯಂ ಅನ್ನು ಪಟ್ಟಿಯಿಂದ ಕೈಬಿಡಲಾಯಿತು.